ಬಳ್ಳಾರಿ ಬಿಸಿಲಿಗೆ ಮೂರು ಮಾನಿಟರ್: ಯಾವುದು ಎಷ್ಟು ಕಾಯುತ್ತದೆ

ಮಾನಿಟರ್ ವಿಮರ್ಶೆಗಳಲ್ಲಿ ಬಣ್ಣದ ಬಗ್ಗೆ ಇರುತ್ತದೆ, ರೆಸಲ್ಯೂಷನ್ ಬಗ್ಗೆ ಇರುತ್ತದೆ, ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವ ಹರ್ಟ್ಜ್ ಬಗ್ಗೆ ಪುಟಗಟ್ಟಲೆ ಇರುತ್ತದೆ. ಅದು ಕೋಣೆಯನ್ನು ಎಷ್ಟು ಕಾಯಿಸುತ್ತದೆ ಅಂತ ಬರೆದವರು ಕಡಿಮೆ. ಎಸಿ ಆಫೀಸಿನಲ್ಲಿ ಕೂರುವವರಿಗೆ ಅದು ಬೇಕಾಗಲಿಕ್ಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲಾಗಿರುವ ನಮ್ಮ ಊರಲ್ಲಿ, ಮೇಲೆ ನೇರ ಆರ್‌ಸಿಸಿ ಛಾವಣಿ ಇರುವ ಕೋಣೆಯಲ್ಲಿ, ಮೂರು ಪರದೆ ಎದುರು ದಿನವಿಡೀ ಕೂರುವವರು ಮೊದಲು ಕೇಳುವ ಪ್ರಶ್ನೆಯೇ ಅದು.

ನನ್ನ ಕೆಲಸ ಜೀನ್ಸ್ ಯೂನಿಟ್‌ಗಳಿಗೆ ಪ್ಯಾಟರ್ನ್ ಗ್ರೇಡಿಂಗ್ (ಒಂದು ಅಳತೆಯ ಪ್ಯಾಟರ್ನನ್ನು ಬೇರೆ ಸೈಜುಗಳಿಗೆ ಹಿಗ್ಗಿಸಿ ಕುಗ್ಗಿಸುವುದು), ಮಾರ್ಕರ್ (ಬಟ್ಟೆ ಕತ್ತರಿಸುವ ನಕ್ಷೆ) ಹಾಕುವುದು, ಹಿಂದಿನ ಜೇಬಿನ ಎಂಬ್ರಾಯ್ಡರಿ ಪಂಚಿಂಗ್ (ಡಿಸೈನನ್ನು ಮಷೀನಿಗೆ ತಿಳಿಯುವ ಹೊಲಿಗೆ ಫೈಲ್ ಮಾಡುವುದು). ಕೌಲ್ ಬಜಾರ್‌ನಲ್ಲಿ ಒಂದು ಹೊಲಿಗೆ ಯೂನಿಟ್ ಮೇಲಿನ ಕೋಣೆ. ಒಂದು ಪರದೆಯಲ್ಲಿ ಮಾರ್ಕರ್ ತೆರೆದಿರುತ್ತದೆ. 28ರಿಂದ 36ರವರೆಗಿನ ಸೈಜಿನ ತುಂಡುಗಳನ್ನು ಬಟ್ಟೆಯ ಅಗಲದೊಳಗೆ ವೇಸ್ಟ್ ಆಗದ ಹಾಗೆ ಕೂರಿಸಬೇಕು. ನಡುವಿನ ಪರದೆಯಲ್ಲಿ ಪಂಚಿಂಗ್. ಮೂರನೆಯದರಲ್ಲಿ ಪಾರ್ಟಿ ವಾಟ್ಸಾಪ್‌ನಲ್ಲಿ ಕಳಿಸಿದ ಸ್ಯಾಂಪಲ್ ಫೋಟೊ, ಆರ್ಡರ್ ಶೀಟ್. ಒಂದೇ ಪರದೆಯಲ್ಲಿ ಇದನ್ನೆಲ್ಲ ತೆಗೆದು ಮುಚ್ಚಿ ಮಾಡುತ್ತಾ ಕೂತರೆ ಅರ್ಧ ದಿನ ಅದಕ್ಕೇ ಹೋಗುತ್ತದೆ. ಹಾಗಾಗಿ ಪರದೆ ಕಡಿಮೆ ಮಾಡಿ ಅನ್ನುವ ಸಲಹೆ ನನಗೆ ಉಪಯೋಗಕ್ಕೆ ಬರುವುದಿಲ್ಲ. ಮೂರೂ ಇರಬೇಕು, ಕೋಣೆಯೂ ಕೂರುವ ಹಾಗಿರಬೇಕು.

ಇಲ್ಲಿ ನೋಡಿರುವುದು ಮೂರು ಥರದ ಪರದೆ. ಹಳೆಯ 22 ಇಂಚಿನ, ಹಿಂದೆ ಟ್ಯೂಬ್ ಲೈಟ್ ಇರುವ ಎಲ್‌ಸಿಡಿ. ಈಗ ಎಲ್ಲ ಅಂಗಡಿಯಲ್ಲೂ ಸಿಗುವ, ಹಿಂದೆ ಎಲ್‌ಇಡಿ ದೀಪ ಇರುವ 24 ಇಂಚಿನ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಮಾಸದ ಜಾತಿಯ ಎಲ್‌ಸಿಡಿ). ತಮ್ಮನ ಬಳಿ ಇರುವ 32 ಇಂಚಿನ 4ಕೆ (ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕಿ ಇರುವುದು). ಕಂಪನಿ ಹೆಸರು ಬೇಕೆಂದೇ ಬರೆದಿಲ್ಲ. ಶಾಖದ ವಿಷಯದಲ್ಲಿ ಪರದೆಯ ಅಳತೆ, ಅದರ ಬೆಳಕು, ಹಿಂದಿರುವ ದೀಪದ ಜಾತಿ, ಇವು ಮೂರೇ ಮುಖ್ಯ. ಅಳೆದದ್ದು ಪ್ಲಗ್‌ಗೆ ಸಿಕ್ಕಿಸುವ ಸಣ್ಣ ಪವರ್ ಮೀಟರ್‌ನಿಂದ. ಗೋಡೆಯಿಂದ ಎಷ್ಟು ವ್ಯಾಟ್ ಎಳೆಯುತ್ತಿದೆ ಅಂತ ಅದು ಆ ಕ್ಷಣಕ್ಕೆ ತೋರಿಸುತ್ತದೆ.

ವ್ಯಾಟ್ ಗೊತ್ತಾದರೆ ಶಾಖ ಗೊತ್ತಾದ ಹಾಗೇ. ಮಾನಿಟರ್ ಎಳೆದ ಕರೆಂಟ್ ಕೊನೆಗೆ ಪೂರ್ತಿ ಶಾಖವೇ ಆಗುತ್ತದೆ. ಪರದೆಯಿಂದ ಹೊರಬಂದ ಬೆಳಕೂ ಗೋಡೆಗೆ, ಬಟ್ಟೆಗೆ, ಮುಖಕ್ಕೆ ಬಿದ್ದು ಅಲ್ಲೇ ಶಾಖವಾಗುತ್ತದೆ. ಮೀಟರ್ 40 ವ್ಯಾಟ್ ತೋರಿಸಿದರೆ ಕೋಣೆಗೆ 40 ವ್ಯಾಟ್ ಶಾಖ ಸೇರುತ್ತಿದೆ ಎಂದೇ ಅರ್ಥ. ಸುಮ್ಮನೆ ಕೂತಿರುವ ಮನುಷ್ಯನ ಮೈಯಿಂದಲೂ ಸುಮಾರು 100 ವ್ಯಾಟ್ ಶಾಖ ಬರುತ್ತದೆ. ಈ 100 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಹಳೆಯದು. ಇಂಥ ಪರದೆಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ತೀರಾ ಅಗ್ಗಕ್ಕೆ ಸಿಗುತ್ತವೆ. ದೊಡ್ಡ ಆಫೀಸುಗಳು ಹೊಸದು ತಂದಾಗ ಇವು ಲಾಟ್ ಲೆಕ್ಕದಲ್ಲಿ ಹೊರಬರುತ್ತವೆ. ನನ್ನ ಬಳಿ ಎರಡಿದ್ದವು, ಪಕ್ಕದಲ್ಲಿ ಒಂದು ಎಲ್‌ಇಡಿ. ಹಳೆಯವುಗಳ ಒಳಗೆ ಸಿಸಿಎಫ್‌ಎಲ್ ಅನ್ನುವ ತೆಳು ಟ್ಯೂಬ್‌ಗಳು, ಅವನ್ನು ಉರಿಸಲು ಹೈ ವೋಲ್ಟೇಜ್ ಕೊಡುವ ಇನ್ವರ್ಟರ್ ಬೋರ್ಡ್. ಒಂದೊಂದೂ 45 ವ್ಯಾಟ್ ಆಸುಪಾಸು ಎಳೆಯುತ್ತಿತ್ತು. ಬ್ರೈಟ್‌ನೆಸ್ ಪೂರ್ತಿ ಇಳಿಸಿದರೂ ಹೇಳಿಕೊಳ್ಳುವಷ್ಟು ಕಡಿಮೆ ಆಗುತ್ತಿರಲಿಲ್ಲ. ಎಲ್‌ಇಡಿಯದು ಸೇರಿಸಿದರೆ ಮೂರಕ್ಕೆ ಸುಮಾರು 110 ವ್ಯಾಟ್. ಕೋಣೆಯಲ್ಲಿ ಇನ್ನೊಬ್ಬರು ಬಂದು ಕೂತು, ಸಂಜೆವರೆಗೆ ಎದ್ದು ಹೋಗಲಿಲ್ಲ ಅಂದರೆ ಎಷ್ಟು ಸೆಕೆಯೋ ಅಷ್ಟು.

ನಮ್ಮಲ್ಲಿ ಪಂಚಿಂಗ್ ಕಲಿಯಲು ಬರುವ ಹುಡುಗಿ ಒಂದು ಮಧ್ಯಾಹ್ನ ಕೇಬಲ್ ಸರಿ ಮಾಡಲು ಹಿಂದೆ ಬಗ್ಗಿದವಳು, "ಅಕ್ಕಾ, ಇಲ್ಲಿ ಕೈ ಇಟ್ಟು ನೋಡ್ರಿ" ಅಂದಳು. ಹಿಂಭಾಗದ ಮೇಲ್ತುದಿಯಲ್ಲಿ ಗಾಳಿಗೆ ಬಿಟ್ಟ ಸಣ್ಣ ಸೀಳುಗಳಿವೆ. ಅಲ್ಲಿಂದ ಬಿಸಿ ಗಾಳಿ ನೇರ ಮೇಲಕ್ಕೆ ಬರುತ್ತಿತ್ತು. ಎಡಗಡೆ ಅರ್ಧದಷ್ಟು ಸೀಳುಗಳಲ್ಲಿ ಏನೂ ಬರುತ್ತಿರಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ನೀಲಿ. ಕೆಳಗಿನ ಯೂನಿಟ್‌ನಿಂದ ಏರಿ ಬರುವ ಡೆನಿಮ್ ನೂಲಿನ ಪುಡಿ, ಅದರ ಜೊತೆ ನಮ್ಮೂರ ಕೆಂಪು ಧೂಳು, ಎರಡೂ ಸೇರಿ ಸೀಳಿನ ಅಂಚಿಗೆ ಒತ್ತಿದ ಉಣ್ಣೆಯ ಹಾಗೆ ಹೆಣೆದುಕೊಂಡಿತ್ತು. ಪೇಂಟ್ ಬ್ರಷ್‌ನಿಂದ ಎಳೆದರೆ ಪಟ್ಟಿಯಾಗಿ ಕಿತ್ತು ಬಂತು. ಮಾನಿಟರ್ ಒಳಗೆ ಫ್ಯಾನ್ ಇರುವುದು ಅಪರೂಪ. ಬಿಸಿ ಗಾಳಿ ತಾನಾಗಿ ಮೇಲೇರಬೇಕು, ಕೆಳಗಿನಿಂದ ತಣ್ಣನೆಯದು ಬರಬೇಕು. ಆ ದಾರಿ ಕಟ್ಟಿದರೆ ಕೋಣೆಗೆ ಬರುವ ಒಟ್ಟು ಶಾಖ ಬದಲಾಗುವುದಿಲ್ಲ, ಆದರೆ ಒಳಗಿನ ಬೋರ್ಡ್ ಬೇಯುತ್ತದೆ. ಬೋರ್ಡಿನ ಮೇಲಿರುವ ಕೆಪಾಸಿಟರ್ ಅನ್ನುವ ಭಾಗದ ಬಿಸಿ 10 ಡಿಗ್ರಿ ಜಾಸ್ತಿಯಾದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಅನ್ನುವುದು ರಿಪೇರಿಯವರೆಲ್ಲ ಬಲ್ಲ ಲೆಕ್ಕ. ಇನ್ನೊಂದು ವಿಷಯ, ಬಹುತೇಕ ಮಾನಿಟರ್‌ಗಳ ಜೊತೆ ಬರುವ ಪುಸ್ತಕದಲ್ಲಿ ಬಳಸಬಹುದಾದ ತಾಪಮಾನ 0ಯಿಂದ 40 ಡಿಗ್ರಿ ಅಂತ ಇರುತ್ತದೆ. ಮೇ ತಿಂಗಳ ಮೂರು ಗಂಟೆಗೆ ನನ್ನ ಕೋಣೆಯೇ ಆ ಗಡಿಗೆ ಬಂದು ನಿಂತಿರುತ್ತದೆ.

ಎರಡೂ ಹಳೆಯ ಪರದೆಗಳನ್ನು ತೆಗೆದು 24 ಇಂಚಿನ ಐಪಿಎಸ್ ಎರಡು ತಂದೆ. ಮೊದಲಿದ್ದ ಎಲ್‌ಇಡಿ ಸೇರಿ ಈಗ ಮೂರೂ ಒಂದೇ ಅಳತೆ. ಪೆಟ್ಟಿಗೆಯಿಂದ ತೆಗೆದು ಹಚ್ಚಿದಾಗ ಒಂದೊಂದೂ 22 ವ್ಯಾಟ್ ಹತ್ತಿರ. ಅಲ್ಲಿಗೇ ಹಳೆಯದರ ಅರ್ಧ. ಆದರೆ ನಿಜವಾದ ಲಾಭ ಬ್ರೈಟ್‌ನೆಸ್ ಇಳಿಸಿದಾಗ. ಕಾರ್ಖಾನೆಯಿಂದ ಬರುವಾಗ ಇವು ಅಂಗಡಿಯ ಬೆಳಕಿನಲ್ಲಿ ಎದ್ದು ಕಾಣಲಿ ಅಂತ ತುಂಬಾ ಪ್ರಖರವಾಗಿ ಇರುತ್ತವೆ. 250 ನಿಟ್ಸ್‌ವರೆಗೆ (ನಿಟ್ಸ್ ಅಂದರೆ ಪರದೆಯ ಬೆಳಕಿನ ಅಳತೆ) ಹೋಗುವ ಪರದೆ ಇದು. ನೆರಳಿನ ಕೋಣೆಯಲ್ಲಿ ಕೆಲಸಕ್ಕೆ 100ರಿಂದ 120 ನಿಟ್ಸ್ ಧಾರಾಳ ಸಾಕು. ನಾನು 30 ಪರ್ಸೆಂಟ್‌ಗೆ ಇಳಿಸಿದೆ. ಮೀಟರ್ 13ಕ್ಕೆ ಬಂದು ನಿಂತಿತು. ಮೂರೂ ಸೇರಿ 40. ಅಂದರೆ ಇವತ್ತಿನ ಮೂರು ಪರದೆಗಳ ಶಾಖ ಹಳೆಯ ಒಂದೇ ಒಂದು ಪರದೆಗಿಂತ ಕಡಿಮೆ. ಈ ಬರಹದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಸೆಕೆಗೆ ಪರದೆ ಎಷ್ಟಿವೆ ಅನ್ನುವುದಕ್ಕಿಂತ ಅದರ ಹಿಂದಿನ ದೀಪದ ಬೆಳಕು ಕಾರಣ.

"ದಾರದ ಬಣ್ಣ ಸರಿ ಕಾಣುತ್ತಾ?" ಅಂತ ಯೂನಿಟ್‌ನವರು ಕೇಳುತ್ತಾರೆ. ಕಾಣುತ್ತದೆ. ಅದೂ ಅಲ್ಲದೆ ದಾರದ ಬಣ್ಣ ಒಪ್ಪಿಗೆ ಮಾಡುವುದು ಶೇಡ್ ಕಾರ್ಡ್ ಕೈಯಲ್ಲಿ ಹಿಡಿದು, ಪರದೆ ನೋಡಿ ಅಲ್ಲ.

ಬೆಳಕು ಇಳಿಸುವುದರಲ್ಲೂ ಒಂದು ಸೂಕ್ಷ್ಮ ಇದೆ. ಮಾನಿಟರ್‌ನ ಬಟನ್ ಒತ್ತಿ ಮೆನುವಿನಲ್ಲಿ ಬ್ರೈಟ್‌ನೆಸ್ ಇಳಿಸಿದರೆ ಹಿಂದಿನ ದೀಪಕ್ಕೇ ಕರೆಂಟ್ ಕಡಿಮೆ ಹೋಗುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಪರದೆ ಮೇಲೆ ಕಪ್ಪು ಪದರ ಎಳೆದು ಮಂದ ಮಾಡುತ್ತವೆ. ಕಣ್ಣಿಗೆ ತಂಪು, ಆದರೆ ದೀಪ ಹಿಂದೆ ಅಷ್ಟೇ ಉರಿಯುತ್ತಿರುತ್ತದೆ. ವಿಂಡೋಸ್‌ನ ನೈಟ್ ಲೈಟ್ ಕೂಡ ಬಣ್ಣ ಬದಲಿಸುತ್ತದೆ ಅಷ್ಟೇ, ವ್ಯಾಟ್ ಹಾಗೇ. ಡಾರ್ಕ್ ಮೋಡ್ ಹಾಕಿದರೆ ತಣ್ಣಗಾಗುತ್ತದೆ ಅನ್ನುವುದೂ ಎಲ್‌ಸಿಡಿಗೆ ಹೊಂದುವ ಮಾತಲ್ಲ. ಕಪ್ಪು ತೋರಿಸುವಾಗ ಲಿಕ್ವಿಡ್ ಕ್ರಿಸ್ಟಲ್ ಬೆಳಕನ್ನು ಅಡ್ಡಗಟ್ಟುತ್ತದೆ. ತಡೆದ ಬೆಳಕು ಪರದೆಯೊಳಗೇ ಶಾಖವಾಗುತ್ತದೆ. ಪಂಚಿಂಗ್ ಸಾಫ್ಟ್‌ವೇರ್‌ನ ಹಿನ್ನೆಲೆ ಬಿಳಿಯಿಂದ ಕಪ್ಪು ಮಾಡಿ ನೋಡಿದೆ, ಮೀಟರ್ ಅಲುಗಲಿಲ್ಲ. ಓಎಲ್‌ಇಡಿಯಲ್ಲಿ ಮಾತ್ರ ಒಂದೊಂದು ಚುಕ್ಕಿಯೂ ತಾನೇ ಉರಿಯುವುದರಿಂದ ಕಪ್ಪು ಇದ್ದರೆ ನಿಜಕ್ಕೂ ಕಡಿಮೆ ಎಳೆಯುತ್ತದೆ. ಬಿಳಿ ಹಿನ್ನೆಲೆಯ ಎಕ್ಸೆಲ್ ಇಡೀ ದಿನ ತೆರೆದಿಡುವವರಿಗೆ ಅಲ್ಲೂ ಅಂಥ ಲಾಭ ಇಲ್ಲ.

ಮೂರು ಮಾನಿಟರ್‌ನ ಬಟನ್ ಒತ್ತುತ್ತಾ ಕೂರುವುದು ಬೇಜಾರು ಅನ್ನುವವರಿಗೆ ಟ್ವಿಂಕಲ್ ಟ್ರೇ ಅನ್ನುವ ಉಚಿತ ಆ್ಯಪ್ ಇದೆ. ಡಿಡಿಸಿ/ಸಿಐ ಎಂಬ ಸಂಪರ್ಕದ ಮೂಲಕ ಅದು ಮಾನಿಟರ್‌ನ ದೀಪವನ್ನೇ ಇಳಿಸುತ್ತದೆ. ಮೂರಕ್ಕೂ ಒಂದೇ ಸ್ಲೈಡರ್. ಇದಕ್ಕೆ ನನ್ನ ಪೂರ್ತಿ ಅಂಕ.

ಇನ್ನು 32 ಇಂಚಿನ 4ಕೆ. ಮಾರ್ಕರ್ ಕೆಲಸಕ್ಕೆ ಇದರಷ್ಟು ಚೆಂದದ ಪರದೆ ಇನ್ನೊಂದಿಲ್ಲ. ಉದ್ದದ ಲೇ (ಕತ್ತರಿಸಲು ಹಾಸಿದ ಬಟ್ಟೆ) ಪೂರ್ತಿ ಕಾಣುತ್ತದೆ, ಹೊಲಿಯುವಾಗ ತುಂಡು ಕೂಡಿಸಲು ಹಾಕುವ ನಾಚ್ ಗುರುತು ಕೂಡ ಝೂಮ್ ಮಾಡದೆ ತಿಳಿಯುತ್ತದೆ. ಆದರೆ ಸಾಮಾನ್ಯ ಬೆಳಕಿನಲ್ಲೇ 45 ವ್ಯಾಟ್ ಆಸುಪಾಸು. ವಿಡಿಯೊ, ಗೇಮ್‌ಗಳ ಬೆಳಕಿನ ಭಾಗ ಇನ್ನಷ್ಟು ಪ್ರಖರವಾಗಿ ತೋರಿಸುವ ಎಚ್‌ಡಿಆರ್ ಆನ್ ಮಾಡಿದರೆ ದೀಪವನ್ನು ತಾನೇ ಏರಿಸಿಕೊಂಡು 70 ದಾಟಿತು. ನಮ್ಮ ಕೆಲಸಕ್ಕೆ ಎಚ್‌ಡಿಆರ್ ಬೇಡವೇ ಬೇಡ. ಎಸಿ ಇದ್ದರೆ, ಒಂದೇ ಪರದೆ ಸಾಕು ಅನ್ನುವವರು ಧೈರ್ಯವಾಗಿ ತೆಗೆದುಕೊಳ್ಳಿ. ಇಂಥವು ಮೂರನ್ನು ಎಸಿ ಇಲ್ಲದ ಕೋಣೆಯಲ್ಲಿ ಸಾಲಾಗಿ ಇಡಬೇಡಿ. 24 ಇಂಚಿನದು 8ರಿಂದ 10 ಸಾವಿರಕ್ಕೆ ಸಿಗುವಾಗ ದುಡ್ಡಿನ ಲೆಕ್ಕವೂ ಕೂಡುವುದಿಲ್ಲ.

ಪರದೆಗಿಂತ ಜಾಸ್ತಿ ನನ್ನನ್ನು ಕಂಗೆಡಿಸಿದ್ದು ಸಿಪಿಯು ಡಬ್ಬ. ಮೀಟರನ್ನು ಅದಕ್ಕೆ ಸಿಕ್ಕಿಸಿದಾಗ, ಒಂದೇ ಪರದೆ ಇದ್ದು ಏನೂ ಕೆಲಸ ಇಲ್ಲದಾಗ 60 ವ್ಯಾಟ್. ಹಳೆಯ 60 ಹರ್ಟ್ಜ್ ಪರದೆಯ ಜೊತೆ 75 ಹರ್ಟ್ಜ್‌ನ ಹೊಸದನ್ನು ಹಾಕಿದಾಗ 95. ಕೆಲಸ ಮಾತ್ರ ಅಷ್ಟೇ, ಸುಮ್ಮನೆ ಡೆಸ್ಕ್‌ಟಾಪ್ ತೆರೆದಿದೆ. ಒಂದು ಪರದೆ ಸೇರಿಸಿದ್ದಕ್ಕೆ ಆ ಪರದೆಗಿಂತ ಹೆಚ್ಚು ಶಾಖ ಡಬ್ಬದಿಂದ ಬರುತ್ತಿತ್ತು!

ಕಾರಣ ಹೀಗೆ. ಕೆಲಸ ಇಲ್ಲದಾಗ ಗ್ರಾಫಿಕ್ಸ್ ಕಾರ್ಡ್ ತನ್ನ ಮೆಮೊರಿಯ ವೇಗ ತಗ್ಗಿಸಿಕೊಂಡು ತಣ್ಣಗಿರುತ್ತದೆ. ವೇಗ ಬದಲಿಸುವ ಕ್ಷಣದಲ್ಲಿ ಚಿತ್ರ ಮಿನುಗಬಾರದು. ಹಾಗಾಗಿ ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ನಡುವಿನ ಚೂರು ಬಿಡುವಿನಲ್ಲಿ ಬದಲಿಸುತ್ತದೆ. ಎರಡು ಪರದೆಗಳ ಹರ್ಟ್ಜ್ ಬೇರೆ ಬೇರೆ ಇದ್ದರೆ ಇಬ್ಬರ ಬಿಡುವೂ ಒಟ್ಟಿಗೆ ಸಿಗುವುದಿಲ್ಲ. ಆಗ ಎಷ್ಟೋ ಕಾರ್ಡ್‌ಗಳು ಮೆಮೊರಿಯನ್ನು ಪೂರ್ತಿ ವೇಗದಲ್ಲೇ ಓಡಿಸುತ್ತಾ ಇರುತ್ತವೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ ಮೂರನ್ನೂ 60 ಹರ್ಟ್ಜ್ ಮಾಡಿದೆ. ಡಬ್ಬ 65ಕ್ಕೆ ಇಳಿಯಿತು. ಎಲ್ಲ ಕಾರ್ಡೂ ಇಷ್ಟು ಚೆನ್ನಾಗಿ ಮಾತು ಕೇಳುತ್ತದೆ ಅಂತಲ್ಲ, ಕಾರ್ಡಿನಿಂದ ಕಾರ್ಡಿಗೆ ಬೇರೆ. ಆದರೂ ಒಂದಕ್ಕಿಂತ ಹೆಚ್ಚು ಪರದೆ ಇರುವವರು ಬೇರೇನೂ ಮಾಡದಿದ್ದರೂ ಇದೊಂದು ಮಾಡಿ ನೋಡಲೇಬೇಕು. ದುಡ್ಡು ಖರ್ಚಿಲ್ಲ. ಮಾರ್ಕರ್, ಪಂಚಿಂಗ್ ಥರದ 2ಡಿ ಕೆಲಸಕ್ಕೆ ಪ್ರೊಸೆಸರ್ ಜೊತೆಗೇ ಬರುವ ಗ್ರಾಫಿಕ್ಸ್ ಸಾಕು. ಹೊಸ ಕಂಪ್ಯೂಟರ್ ಜೋಡಿಸುವವರು ಮದರ್‌ಬೋರ್ಡ್‌ನಲ್ಲಿ ಮೂರು ಪರದೆಗೆ ಬೇಕಾದಷ್ಟು ಪೋರ್ಟ್ ಇದೆಯಾ ನೋಡಿಕೊಂಡು ಕಾರ್ಡ್ ಬಿಟ್ಟುಬಿಡಬಹುದು.

ಒಟ್ಟು ಲೆಕ್ಕ ಹಾಕಿ. ಪರದೆಗಳಲ್ಲಿ 70 ವ್ಯಾಟ್ ಹೋಯಿತು, ಡಬ್ಬದಲ್ಲಿ 30. ಒಟ್ಟು 100. ಒಬ್ಬರು ಕೋಣೆಯಿಂದ ಎದ್ದು ಹೋದ ಹಾಗಾಯಿತು. ಕರೆಂಟ್ ಹೋದಾಗ ಇದರ ಬೆಲೆ ಇನ್ನೂ ಗೊತ್ತಾಗುತ್ತದೆ. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್ ಅವರ್ ಇದ್ದರೂ ಕೈಗೆ ಸಿಗುವುದು 1100, 1200. ಮೊದಲು ಪರದೆ, ಡಬ್ಬ, ಒಂದು ಫ್ಯಾನ್ ಸೇರಿ 280 ವ್ಯಾಟ್ ಲೋಡ್, ನಾಲ್ಕು ಗಂಟೆಗೆ ಇನ್ವರ್ಟರ್ ಕೂಗುತ್ತಿತ್ತು. ಈಗ 180. ಆರು ಗಂಟೆ ನಿಲ್ಲುತ್ತದೆ. ಕರೆಂಟ್ ಕಂಪನಿ ಜೆಸ್ಕಾಂನವರು ಲೈನ್ ಕೆಲಸಕ್ಕೆ ಬೆಳಿಗ್ಗೆಯಿಂದ ಸಂಜೆವರೆಗೆ ತೆಗೆಯುವ ದಿನ ಈ ಎರಡು ಗಂಟೆ ಅಂದರೆ ಒಂದು ಆರ್ಡರ್. ಎಸಿ ಇರುವವರಿಗೂ ಲಾಭ ಇದೆ. ಮೂರ್ನಾಲ್ಕು ವ್ಯಾಟ್ ಶಾಖ ಹೊರಗೆ ಹಾಕಲು ಎಸಿ ಸುಮಾರು ಒಂದು ವ್ಯಾಟ್ ತಿನ್ನುತ್ತದೆ, ಹಾಗಾಗಿ ಉಳಿತಾಯ ಎರಡು ಕಡೆಯಿಂದ.

ಆದರೆ ಪ್ರಾಮಾಣಿಕವಾಗಿ ಹೇಳಬೇಕು. ಪಡುವಣ ಕಿಟಕಿ ತೆರೆದಿಟ್ಟು ಮಾನಿಟರ್‌ನ ವ್ಯಾಟ್ ಎಣಿಸುವುದರಲ್ಲಿ ಅರ್ಥ ಇಲ್ಲ. ನೇರ ಬಿಸಿಲು ಒಂದು ಚದರ ಮೀಟರಿಗೆ 800ರಿಂದ 1000 ವ್ಯಾಟ್‌ವರೆಗೆ ಶಾಖ ಹೊತ್ತು ತರುತ್ತದೆ. ಸಾಧಾರಣ ಕಿಟಕಿಯಿಂದ ಅದರ ಅರ್ಧ ಒಳಗೆ ಬಂದರೂ ಹಳೆಯ ಮೂರು ಪರದೆಗಳ ನಾಲ್ಕು ಪಟ್ಟು. ಮೇಲಾಗಿ ಬಿಸಿಲು ಪರದೆ ಮೇಲೆ ಬಿದ್ದರೆ ಏನೂ ಕಾಣುವುದಿಲ್ಲ, ಬ್ರೈಟ್‌ನೆಸ್ ಏರಿಸುತ್ತೀರಿ, ಅದರ ಶಾಖವೂ ಸೇರುತ್ತದೆ. ನಾನು ಕಿಟಕಿಯ ಹೊರಗಡೆ ಬಿದಿರಿನ ಚಿಕ್ ಇಳಿಬಿಟ್ಟಿದ್ದೇನೆ. ಒಳಗಡೆ ಕರ್ಟನ್ ಎಳೆದರೆ ಶಾಖ ಆಗಲೇ ಗಾಜು ದಾಟಿ ಬಂದಿರುತ್ತದೆ, ಹೊರಗೇ ತಡೆಯಬೇಕು. ಚಿಕ್ ಹಾಕಿದ ಮೇಲೇ 30 ಪರ್ಸೆಂಟ್ ಬೆಳಕು ಸಾಕಾಗಿದ್ದು. ಮಾನಿಟರ್ ಮ್ಯಾಟ್ ಮೇಲ್ಮೈಯದ್ದೇ ಇರಲಿ. ಮಿರುಗುವ ಗಾಜಿನದಾದರೆ ಪ್ರತಿಬಿಂಬ ಗೆಲ್ಲಲು ಮತ್ತೆ ಬೆಳಕು ಏರಿಸಬೇಕಾಗುತ್ತದೆ.

ಮೇಜು ಇಡುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಮೂರು ಪರದೆ ಸಾಲಾಗಿ ಗೋಡೆಗೆ ಒತ್ತಿ ಇಟ್ಟರೆ ಬಿಸಿ ಗಾಳಿ ಗೋಡೆ ಹಿಡಿದು ಛಾವಣಿಗೆ ಏರುತ್ತದೆ. ಸೀಲಿಂಗ್ ಫ್ಯಾನ್ ಅದನ್ನು ತಿರುಗಿ ನಿಮ್ಮ ತಲೆ ಮೇಲೆ ಸುರಿಯುತ್ತದೆ. ಗೇಣುದ್ದ ಜಾಗ ಬಿಟ್ಟು, ಮೇಲೆ ವೆಂಟಿಲೇಟರ್‌ನಲ್ಲಿ ಎಕ್ಸಾಸ್ಟ್ ಹಾಕಿದರೆ ಬಿಸಿ ಏರಿದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಕೂಲರ್ ಇಟ್ಟವರೂ ಎದುರು ಕಿಟಕಿ ತೆರೆದಿರಬೇಕು. ನಮ್ಮದು ಒಣ ಸೆಕೆ, ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಬಾಗಿಲು ಮುಚ್ಚಿದರೆ ಅಂಟಂಟು. ಅದರ ತೇವದ ಗಾಳಿ ನೇರ ಮಾನಿಟರ್ ಬೆನ್ನಿಗೆ ಬಡಿಯದಂತೆ ತಿರುಗಿಸಿಡಿ. ಜಾಗ ಇಲ್ಲವೆಂದು ಒಂದರ ಮೇಲೊಂದು ಪರದೆ ಸಿಕ್ಕಿಸುವವರಿದ್ದಾರೆ. ಕೆಳಗಿನದರ ಬಿಸಿಯನ್ನು ಮೇಲಿನದು ಕುಡಿಯುತ್ತದೆ. ಪಕ್ಕಪಕ್ಕ ಇರುವುದೇ ಒಳ್ಳೆಯದು.

ಕೊಳ್ಳುವಾಗ ಅಂಗಡಿಯಲ್ಲಿ "ಎಲ್‌ಇಡಿ ಐತಿ ಮೇಡಂ, ಬಿಸಿನೇ ಆಗಲ್ಲ" ಅಂತಾರೆ. ಆಗುತ್ತದೆ, ಎಷ್ಟು ಅನ್ನುವುದು ಪ್ರಶ್ನೆ. ಹಿಂದಿನ ಸ್ಟಿಕ್ಕರ್‌ನಲ್ಲಿ 100–240 ವೋಲ್ಟ್, 1.5 ಆಂಪಿಯರ್ ಅಂತ ಇದ್ದರೆ ಎರಡನ್ನೂ ಗುಣಿಸಿ ಹೆದರಬೇಡಿ. ಅದು ಅತಿ ಕಡಿಮೆ ವೋಲ್ಟೇಜ್‌ನಲ್ಲಿ, ಎಲ್ಲಾ ಪೋರ್ಟ್ ತುಂಬಿದಾಗ ಮೀರಬಾರದ ಮಿತಿ. ಸ್ಪೆಸಿಫಿಕೇಷನ್‌ನಲ್ಲಿ ಟಿಪಿಕಲ್ ಎಂದಿರುವ ವ್ಯಾಟ್ ನೋಡಿ. ಯುರೋಪಿನ ಎನರ್ಜಿ ಲೇಬಲ್ ಆ ಮಾಡೆಲ್‌ಗೆ ಸಿಕ್ಕರೆ ಇನ್ನೂ ಸುಲಭ. 2021ರ ಮಾರ್ಚ್‌ನಿಂದ ಬಂದ ಹೊಸ ಲೇಬಲ್‌ನಲ್ಲಿ 1000 ಗಂಟೆಗೆ ಎಷ್ಟು ಯೂನಿಟ್ (kWh) ಕರೆಂಟ್ ಅಂತ ಬರೆದಿರುತ್ತಾರೆ. ಆ ಸಂಖ್ಯೆಯೇ ವ್ಯಾಟ್. 1000 ಗಂಟೆಗೆ 16 ಯೂನಿಟ್ ಅಂದರೆ 16 ವ್ಯಾಟ್. ಲ್ಯಾಪ್‌ಟಾಪ್ ಚಾರ್ಜ್ ಮಾಡುವ ಯುಎಸ್‌ಬಿ-ಸಿ ಮಾನಿಟರ್ ಆದರೆ ಚಾರ್ಜಿಂಗ್‌ನ ವ್ಯಾಟ್ ಬೇರೆ ಸೇರುತ್ತದೆ. ಅದರ ಬೆನ್ನು ಬಿಸಿ ಇದ್ದರೆ ಗಾಬರಿ ಬೇಡ.

ಊಟಕ್ಕೆ ಎದ್ದು ಹೋಗುವಾಗ ಸ್ಕ್ರೀನ್ ಸೇವರ್ ಬಿಟ್ಟರೆ ದೀಪ ಉರಿಯುತ್ತಲೇ ಇರುತ್ತದೆ. ಐದು ನಿಮಿಷಕ್ಕೆ ಪರದೆ ಆಫ್ ಆಗುವ ಹಾಗೆ ಸೆಟ್ಟಿಂಗ್ ಇಡಿ. ಸ್ಟ್ಯಾಂಡ್‌ಬೈನಲ್ಲಿ ಹೊಸ ಪರದೆಗಳು ಅರ್ಧ ವ್ಯಾಟೂ ಎಳೆಯುವುದಿಲ್ಲ.

ಕೆಳಗಿನ ಯೂನಿಟ್‌ನ ಕಟಿಂಗ್ ಮಾಸ್ಟರ್ ಈಗ ತಮ್ಮ ಟೇಬಲ್ ಪಕ್ಕ ಎರಡು ಪರದೆ ಹಾಕಿಸಬೇಕೆಂದಿದ್ದಾರೆ. ತಗಡಿನ ಶೆಡ್, ಪಕ್ಕದಲ್ಲೇ ಸ್ಟೀಮ್ ಐರನ್. "ಎರಡು 24 ಇಂಚಿನವು ಸಾಕು ಅಣ್ಣಾ, ಮ್ಯಾಟ್ ಇರಲಿ, ಎರಡೂ ಒಂದೇ ಮಾಡೆಲ್ ತಗೊಳ್ರಿ, ಐರನ್‌ನಿಂದ ದೂರ ಇಡ್ರಿ" ಅಂತ ಹೇಳಿದ್ದೇನೆ. ತಿಂಗಳಿಗೊಮ್ಮೆ ಹಿಂದಿನ ಸೀಳುಗಳ ನೀಲಿ ಪುಡಿ ತೆಗೆಯಲು ಒಂದು ಇಂಚಿನ ಪೇಂಟ್ ಬ್ರಷ್ ಕೂಡ ಪಟ್ಟಿಯಲ್ಲಿ ಬರೆಸಿದ್ದೇನೆ.